ಹೆಸರು ಕೂಗುವ ಹೊತ್ತು

ಕುಷ್ಟಗಿ, ಯಲಬುರ್ಗಾ ಸೀಮೆಯ ದೊಡ್ಡಾಟದಲ್ಲಿ ನಡುರಾತ್ರಿ ಕತೆ ನಿಂತುಬಿಡುವ ಗಳಿಗೆಯೊಂದಿದೆ. ಜನರ ನಡುವಿನಿಂದ ಒಬ್ಬ ಎದ್ದು ಬಂದು, ನೋಟಿಗೆ ಪಿನ್ನು ಚುಚ್ಚಿ ಪಾತ್ರಧಾರಿಯ ಎದೆಗೆ ಸಿಕ್ಕಿಸುತ್ತಾನೆ. ಅವನ ಹೆಸರು, ಅಪ್ಪನ ಹೆಸರು, ಊರು, ಆಯೇರಿ ಎಂಬ ಆ ಕಾಣಿಕೆಯ ಮೊತ್ತ ಮೈಕಿನಲ್ಲಿ ಮೊಳಗುತ್ತವೆ. ಆಮೇಲಷ್ಟೇ ಹಿಮ್ಮೇಳದ ಹಾಡು ಮುಂದಕ್ಕೆ. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಎಂದು ಕೂಗಿ ಒಂದೇ ಹಾಡನ್ನು ಮೂರು ಸಲ ಹಾಡಿಸಿದವರೂ ಇದೇ ಜನ. ಸುಮ್ಮನೆ ಕೂತು ನೋಡುವುದು ನಮಗೆ ಗೊತ್ತೇ ಇರಲಿಲ್ಲ.

2005ರಲ್ಲಿ ಯೂಟ್ಯೂಬ್ ಶುರುವಾದ ಮೇಲೆ ನೋಡುಗನಿಗೆ ಸಿಕ್ಕಿದ್ದು ಐದು ನಕ್ಷತ್ರ ಮತ್ತು ಕಮೆಂಟು. ನಕ್ಷತ್ರ ಕೊಡುವವರು ಬಹುಪಾಲು ಐದನ್ನೇ ಕೊಡುತ್ತಿದ್ದರು. 2010ರಲ್ಲಿ ಅದರ ಜಾಗಕ್ಕೆ ಲೈಕ್, ಡಿಸ್‌ಲೈಕ್ ಬಂದವು. ಒಂದು ವಿಡಿಯೊಕ್ಕೆ ಇನ್ನೊಂದು ವಿಡಿಯೊದಲ್ಲೇ ಉತ್ತರ ಕೊಡುವ ಅನುಕೂಲವೂ ಇತ್ತು, 2013ರಲ್ಲಿ ತೆಗೆದರು. ಹಾಡಿನಲ್ಲೇ ವಾದ ಹೂಡುವ ಹರದೇಶಿ–ನಾಗೇಶಿಯವರ ಸವಾಲ್–ಜವಾಬಿಗೆ ಹೇಳಿ ಮಾಡಿಸಿದಂಥ ಆ ದಾರಿ ಮುಚ್ಚಿದ್ದು ನನಗೆ ಇವತ್ತಿಗೂ ದೊಡ್ಡ ನಷ್ಟವೆನಿಸುತ್ತದೆ.

ಆ ಕಾಲಕ್ಕೆ ನಾವಿನ್ನೂ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದೆವು. ಗಂಗಾವತಿ ಪ್ರಾಣೇಶರ ಹಾಸ್ಯವನ್ನು ಸಿ.ಡಿ.ಯಲ್ಲಿ ಕೇಳಿ ಮನೆಮಂದಿ ನಕ್ಕರೆ ಆ ನಗು ಮನೆಯಲ್ಲೇ ಉಳಿಯುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಅದೇ ನಗು ಕಮೆಂಟಿಗೆ ಇಳಿಯಿತು. ಯಾವ ನಿಮಿಷ, ಯಾವ ಸೆಕೆಂಡಿನ ಮಾತಿಗೆ ನಕ್ಕೆವೆಂದು ಬರೆದರೆ, ಆ ಅಂಕಿ ಒತ್ತಿದವರೂ ನೇರ ಅಲ್ಲಿಗೇ ಹೋಗಿ ನಗಬಹುದು.

ಮುಂದಿನ ವರ್ಷವೇ, 2017ರಲ್ಲಿ, ಯೂಟ್ಯೂಬ್ ಸೂಪರ್ ಚಾಟ್ ತಂದಿತು: ನೇರಪ್ರಸಾರದ ನಡುವೆ ದುಡ್ಡು ಕೊಟ್ಟವರ ಮಾತು ಬಣ್ಣದ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತದೆ. ಅದು ಆಯೇರಿಯೇ. ಆದರೆ ಅಲ್ಲಿ ಅಪ್ಪನ ಹೆಸರಿಲ್ಲ, ಊರಿಲ್ಲ.

ಊರನ್ನು ನಮ್ಮವರು ತಾವೇ ಸೇರಿಸಿದರು. ಕೊಪ್ಪಳದ ಗವಿಮಠದ ಜಾತ್ರೆಯ ನೇರಪ್ರಸಾರ ತೆರೆದು ನೋಡಿ. ತೇರಿಗೆ ಉತ್ತತ್ತಿ ಎಸೆಯಲು ಬರಲಾಗದವರು ಕೈಮುಗಿದ ಚಿತ್ರ ಒತ್ತಿ, ಪಕ್ಕದಲ್ಲಿ ಊರಿನ ಹೆಸರು ಬರೆದಿರುತ್ತಾರೆ. ಗೋವಾ, ಮಂಗಳೂರಿಗೆ ದುಡಿಯಲು ಹೋದವರದು ಎರಡೂರು: ಹುಟ್ಟಿದ್ದೊಂದು, ಈಗಿರುವುದೊಂದು.

ಈಚೆಗೆ ನಾನು ನೋಡಿದ ಒಂದು ಆಟದಲ್ಲಿ ಹುಡುಗನೊಬ್ಬ ಬಿದಿರು ಗಳಕ್ಕೆ ಮೊಬೈಲ್ ಕಟ್ಟಿ ಲೈವ್ ಬಿಟ್ಟಿದ್ದ. ನಡುರಾತ್ರಿ ಫೋನ್‌ಪೇಯಲ್ಲಿ 101 ರೂಪಾಯಿ ಬಂತು. ಹುಡುಗ ಓಡಿಹೋಗಿ ತೋರಿಸಿದ. ಮೈಕಿನವರು ಕನ್ನಡಕ ಏರಿಸಿ ಹೆಸರು ಓದಿದರು, ಆಮೇಲೆ ಜನರತ್ತ ತಿರುಗಿ, ‘ಇವ ಯಾರ ಮಗನೋ?’ ಎಂದರು. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಗಟ್ಟಿಯಾಗಿ ಹೇಳಿದಳು. ಅದನ್ನೂ ಮೈಕಿನಲ್ಲಿ ಕೂಗಿ ಆಟ ಮುಂದುವರಿಸಿದರು.