ಹದಿನೆಂಟರ ಮಗಳಿಗೆ ಮೊದಲ ಕಾರು: ಮಾಡೆಲ್ ಆಮೇಲೆ, ಮೊದಲು ವರ್ಷ ನೋಡಿ

ಹೋದ ತಿಂಗಳು ಹಾಸನದಿಂದ ಚಿಕ್ಕಪ್ಪನ ಫೋನ್ ಬಂತು. “ಲೋ, ನೀನು ಬಿ.ಕಾಂ. ಓದಿದೋನು, ದಿನಾ ಮೈಕ್ ಮುಂದೆ ಕೂತು ದುಡ್ಡಿನ ವಿಷ್ಯ ಮಾತಾಡ್ತೀಯ. ನಿನ್ನ ತಂಗಿಗೆ ಹದಿನೆಂಟಾಯ್ತು, ಡಿಎಲ್ಲೂ ಕೈಗೆ ಬಂತು. ಐದು ಲಕ್ಷ ಇಟ್ಕೊಂಡಿದ್ದೀನಿ. ಯಾವ ಕಾರ್ ತಗೊಳ್ಳೋಣ ಹೇಳು.”

ನಾನು ಬಾಯಿ ಬಿಡೋ ಮೊದಲೇ ಅವರೇ ಒಂದು ನೋಡಿಟ್ಟಿದ್ದರು. 2015ರ ಕೆಂಪು ಹ್ಯಾಚ್‌ಬ್ಯಾಕ್. ದೊಡ್ಡ ಅಲಾಯ್ ವೀಲ್, ಸನ್‌ರೂಫ್ ಥರ ಕಾಣೋ ಕಪ್ಪು ಸ್ಟಿಕ್ಕರ್, ಒಳಗೆ ಹತ್ತಿಂಚಿನ ಸ್ಕ್ರೀನ್. ಬೆಲೆ ಮೂರೂಮುಕ್ಕಾಲು ಲಕ್ಷ. ತಂಗಿಗೂ ಇಷ್ಟ ಆಗಿತ್ತು. “ಚಿಕ್ಕಪ್ಪ, ಅದರಲ್ಲಿ ಎಬಿಎಸ್ ಇದ್ಯಾ ಕೇಳಿದ್ರಾ?” ಅಂದೆ. “ಅದೆಲ್ಲಾ ಇರುತ್ತೆ ಬಿಡೋ” ಅಂದರು. ಇರಲಿಲ್ಲ.

ಈ ಪ್ರಶ್ನೆ ನನ್ನ ಬಾಯಿಗೆ ಮೊದಲು ಬರೋದಕ್ಕೆ ಒಂದು ಕಾರಣ ಇದೆ. ನನಗೆ ಹತ್ತೊಂಬತ್ತು ವರ್ಷ ಆಗಿದ್ದಾಗ ಮನೆಗೆ ಒಂದು ಹಳೇ ಕಾರು ಬಂತು. ಬೇಸ್ ಮಾಡೆಲ್. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಆದ್ರೆ ಸೌಂಡ್ ಸಿಸ್ಟಂ ಮಾತ್ರ ಬೊಂಬಾಟ್. ಒಂದು ಸಂಜೆ ಮಳೆಯಲ್ಲಿ ಚನ್ನರಾಯಪಟ್ಟಣ ದಾಟಿ ಹೈವೇಲಿ ಬರ್ತಿದ್ದೆ. ಮುಂದಿದ್ದ ಲಾರಿ ನಿಂತಿತು. ಬ್ರೇಕ್ ಜೋರಾಗಿ ತುಳಿದೆ, ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ. ಸ್ಟೇರಿಂಗ್ ತಿರುಗಿತು, ಕಾರ್ ತಿರುಗಲಿಲ್ಲ. ಹಾಗೇ ಜಾರಿಕೊಂಡು ಹೋಗಿ ಡಿವೈಡರ್‌ಗೆ ಬಡಿಯಿತು. ನನಗೆ ಏನೂ ಆಗಲಿಲ್ಲ. ಪಕ್ಕದಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಗೆಳೆಯನ ಮುಖ ಡ್ಯಾಶ್‌ಬೋರ್ಡ್‌ಗೆ ಬಡಿದು ಮೂಗಿನ ಮೂಳೆ ಮುರಿಯಿತು, ಎರಡು ಹಲ್ಲು ಹೋಯಿತು. ಈಗಲೂ ಅವನು ನಕ್ಕಾಗ ನಾನು ಆ ಎರಡು ಹಲ್ಲನ್ನೇ ನೋಡ್ತೀನಿ.

ಅವತ್ತು ಆಗಿದ್ದೇನು ಅಂದ್ರೆ, ಬ್ರೇಕ್ ಪೂರ್ತಿ ಒತ್ತಿದಾಗ ಚಕ್ರ ಉರುಳೋದು ನಿಂತು ಜಾರೋಕೆ ಶುರುವಾಯ್ತು. ಜಾರುತ್ತಿರುವ ಚಕ್ರವನ್ನು ನೀವು ಯಾವ ಕಡೆ ತಿರುಗಿಸಿದರೂ ಕಾರು ನೇರವಾಗೇ ಹೋಗುತ್ತೆ. ಎಬಿಎಸ್ ಇದ್ದರೆ, ಚಕ್ರ ಲಾಕ್ ಆಗ್ತಿದೆ ಅನ್ನೋದನ್ನ ಸೆನ್ಸರ್ ಗುರುತಿಸಿ, ಬ್ರೇಕಿನ ಒತ್ತಡವನ್ನ ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತೆ. ಚಕ್ರ ಉರುಳ್ತಾನೇ ಇರುತ್ತೆ, ಸ್ಟೇರಿಂಗ್ ಕೆಲಸ ಮಾಡ್ತಾನೇ ಇರುತ್ತೆ. ಹೊಸದಾಗಿ ಕಲಿತವರು ಗಾಬರಿಯಲ್ಲಿ ಮಾಡೋದು ಇದೇ ಕೆಲಸ: ಬ್ರೇಕ್ ಪೂರ್ತಿ ತುಳಿಯೋದು, ಸ್ಟೇರಿಂಗ್ ಎಳೆಯೋದು. ಹತ್ತು ವರ್ಷ ಓಡಿಸಿದ ಡ್ರೈವರ್ ಹಾಗೂ ಹೀಗೂ ಬ್ರೇಕ್ ಬಿಟ್ಟು ಬಿಟ್ಟು ಒತ್ತಿ ಸಂಭಾಳಿಸಬಹುದು. ಹದಿನೆಂಟರ ಮಗುವಿಗೆ ಅದು ಬರಲ್ಲ.

ಅದಕ್ಕೇ ನಾನು ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟು. ಯಾವ ಮಾಡೆಲ್ ಅಂತ ಆಮೇಲೆ ನೋಡೋಣ, ಮೊದಲು ಯಾವ ವರ್ಷದ್ದು ಅಂತ ನೋಡೋಣ.

ಯಾಕಂದ್ರೆ ನಮ್ಮ ದೇಶದಲ್ಲಿ 2019 ಅನ್ನೋದು ಕಾರಿನ ಮಟ್ಟಿಗೆ ಒಂದು ಗೆರೆ. ಆ ವರ್ಷದ ಏಪ್ರಿಲ್‌ನಿಂದ ತಯಾರಾದ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಬೀಪ್ ಅನ್ನೋ ವ್ಯವಸ್ಥೆ, ರಿವರ್ಸ್ ಪಾರ್ಕಿಂಗ್ ಸೆನ್ಸರ್ ಬಂತು. ವೇಗ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಹೊಡೆಯೋ ಅಲಾರಂ ಕೂಡ ಅವತ್ತಿಂದಲೇ. ಆ ಬೀಪ್ ಕೇಳಿ ಎಷ್ಟೋ ಜನ ಬೈಕೊಳ್ತಾರೆ. ಹದಿನೆಂಟರ ಹುಡುಗ ಹುಡುಗಿಯರ ಅಪ್ಪ ಅಮ್ಮಂದಿರು ಮಾತ್ರ ಬೈಕೊಳ್ಳಬಾರದು. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2022ರ ಜನವರಿಯಿಂದ. ಅಂದ್ರೆ 2019ರಿಂದ 2021ರ ನಡುವಿನ ಬೇಸ್ ಮಾಡೆಲ್‌ಗಳಲ್ಲಿ ಒಂದೇ ಏರ್‌ಬ್ಯಾಗ್ ಇರಬಹುದು. ಅದನ್ನ ಕೇಳಿ, ಕಣ್ಣಾರೆ ನೋಡಿ ತಗೊಳ್ಳಿ.

ಒಂದು ಸೂಕ್ಷ್ಮ ಇದೆ. ಆರ್‌ಸಿಯಲ್ಲಿ ನೋಂದಣಿ ದಿನಾಂಕ ಬೇರೆ, ತಯಾರಾದ ತಿಂಗಳು ಮತ್ತು ವರ್ಷ ಬೇರೆ. 2018ರ ಕೊನೆಯಲ್ಲಿ ತಯಾರಾಗಿ, ಷೋರೂಂನಲ್ಲಿ ಕೂತಿದ್ದು, 2019ರಲ್ಲಿ ನೋಂದಣಿಯಾದ ಕಾರುಗಳಿವೆ. ಮಾರೋರು “2019 ಮಾಡೆಲ್ ಸಾರ್” ಅಂತಾರೆ. ನೀವು ತಯಾರಾದ ತಿಂಗಳನ್ನೇ ನೋಡಿ.

ವರ್ಷ ಗಟ್ಟಿಯಾದ ಮೇಲೆ ಬಾಡಿ. ಕ್ರ್ಯಾಶ್ ಟೆಸ್ಟ್ ಸ್ಟಾರ್ ಬಗ್ಗೆ ಈಗ ಎಲ್ಲರೂ ಮಾತಾಡ್ತಾರೆ. ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ, ಹಾಗಾಗಿ ಹಳೇ ಕಾರುಗಳಿಗೆ ಗ್ಲೋಬಲ್ ಎನ್‌ಕ್ಯಾಪ್ ಫಲಿತಾಂಶವನ್ನೇ ನೋಡ್ಬೇಕು. ಟಾಟಾ ಟಿಯಾಗೊಗೆ 2020ರ ಜನವರಿಯಲ್ಲಿ ನಾಲ್ಕು ಸ್ಟಾರ್ ಬಂದಿತ್ತು, ಆಲ್ಟ್ರೋಜ್‌ಗೆ ಐದು. ಅದೇ ಕಾಲದ ಕೆಲವು ಬಲು ಜನಪ್ರಿಯ ಹ್ಯಾಚ್‌ಬ್ಯಾಕ್‌ಗಳಿಗೆ ಎರಡೇ ಸ್ಟಾರ್. ಆ ಪರೀಕ್ಷೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಮಾಡೋದು, ಹೈವೇಯ ನೂರರ ವೇಗಕ್ಕೆ ಅದು ಗ್ಯಾರಂಟಿ ಅಲ್ಲ. ಆದ್ರೂ ಒಂದೇ ಬೆಲೆಗೆ ಎರಡು ಸ್ಟಾರ್ ಮತ್ತು ನಾಲ್ಕು ಸ್ಟಾರ್ ಎದುರಿಗಿದ್ದರೆ ಯೋಚನೆ ಮಾಡೋದೇನಿದೆ?

ಇಂಜಿನ್ ಬಗ್ಗೆ ಹೆಚ್ಚು ಹೇಳಲ್ಲ. ಸಾಮಾನ್ಯ 1.2 ಲೀಟರ್ ಪೆಟ್ರೋಲ್ ಸಾಕು. ಟರ್ಬೊ ಬೇಡ.

ಈಗ ದುಡ್ಡಿನ ಲೆಕ್ಕ, ಅಂದ್ರೆ ನನ್ನ ಸಬ್ಜೆಕ್ಟು. “ಇಷ್ಟೆಲ್ಲಾ ತಲೆನೋವು ಯಾಕೆ, ಹೊಸದೇ ತಗೊಂಡ್ರೆ?” ಅಂತ ಚಿಕ್ಕಪ್ಪ ಕೇಳಿದರು. ತಪ್ಪಲ್ಲ. ಸುರಕ್ಷತೆ ಒಂದನ್ನೇ ನೋಡಿದರೆ ಹೊಸ ಕಾರೇ ಮೇಲು. ಆದ್ರೆ ಎಕ್ಸ್-ಷೋರೂಂ ಆರು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ 14%, ಅಂದ್ರೆ 84 ಸಾವಿರ, ಸೆಸ್ ಬೇರೆ. ಇನ್ಶೂರೆನ್ಸ್ ಸೇರಿ ಕೈಯಲ್ಲಿರೋ ಐದು ಲಕ್ಷ ಹಾಕಿದರೂ ಎರಡೂವರೆ ಲಕ್ಷ ಸಾಲ ಬೇಕು. 10% ಬಡ್ಡಿಗೆ ನಾಲ್ಕು ವರ್ಷ ಅಂದ್ರೆ ತಿಂಗಳಿಗೆ ಸುಮಾರು 6,340 ರೂಪಾಯಿ ಕಂತು, ಬಡ್ಡಿಯೇ 54 ಸಾವಿರ. ಕಾಫಿ ಬೆಲೆ ಮೇಲೆ ಬದುಕೋ ಮನೆಗೆ ಪ್ರತಿ ತಿಂಗಳ ಕಂತು ಅಂದ್ರೆ ಏನು ಅಂತ ಚಿಕ್ಕಪ್ಪನಿಗೆ ನಾನು ಹೇಳಬೇಕಾಗಿರಲಿಲ್ಲ. ಇನ್ನು ಹೊಸಬರ ಕೈಯಲ್ಲಿ ಮೊದಲ ವರ್ಷ ಗೇಟಿಗೆ, ಕಂಬಕ್ಕೆ, ಹಸುವಿನ ಕೊಟ್ಟಿಗೆಗೆ ತಾಗೋದು ಇದ್ದಿದ್ದೇ.

ಸೆಕೆಂಡ್ ಹ್ಯಾಂಡ್‌ನಲ್ಲಿ ಆ ಟ್ಯಾಕ್ಸ್ ಯಾರೋ ಕಟ್ಟಿ ಆಗಿರುತ್ತೆ. ಬೇರೆ ರಾಜ್ಯದ ನಂಬರ್ ಇದ್ದರೆ ಮಾತ್ರ ಹುಷಾರು. ಅಗ್ಗ ಅಂತ ಕಾಣುತ್ತೆ, ಆಮೇಲೆ ಎನ್‌ಒಸಿ ತಂದು ಇಲ್ಲಿ ಟ್ಯಾಕ್ಸ್ ಕಟ್ಟಿದಾಗ ಅಗ್ಗವೆಲ್ಲಾ ಹೊರಟುಹೋಗುತ್ತೆ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18%ಗೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೇದರ ಬೆಲೆ ಅಲ್ಲೇ ನಿಂತಿರೋಕೆ ಆಗಲ್ಲ. ಚೌಕಾಸಿ ಮಾಡುವಾಗ ಇದನ್ನ ಬಾಯಿಬಿಟ್ಟು ಹೇಳಿ. ನಾವು ಹೇಳಿದೆವು, ಹದಿನೈದು ಸಾವಿರ ಇಳಿಯಿತು.

ಐದು ಲಕ್ಷ ಇದೆ ಅಂತ ಐದು ಲಕ್ಷದ ಕಾರ್ ನೋಡೋಕೆ ಹೋಗಬೇಡಿ. ನಾವು ಹಾಕಿಕೊಂಡ ಲೆಕ್ಕ ಹೀಗಿತ್ತು. ಕಾರಿಗೆ 4,20,000. ಇನ್ಶೂರೆನ್ಸ್ 14,000. ನಾಲ್ಕು ಹೊಸ ಟೈರು 18,000. ಸರ್ವಿಸ್, ಬ್ರೇಕ್ ಪ್ಯಾಡು, ಚಿಲ್ಲರೆ ಕೆಲಸ 15,000. ಹೆಸರು ಬದಲಾವಣೆಗೆ 5,000. ಉಳಿದ 28,000 ಮುಟ್ಟೋ ಹಾಗಿಲ್ಲ. ಪೆಟ್ರೋಲ್ ಲೆಕ್ಕ ಬೇರೆ: ಕಾಲೇಜಿಗೆ ದಿನಕ್ಕೆ 28 ಕಿ.ಮೀ., ತಿಂಗಳಿಗೆ 24 ದಿನ, ಲೀಟರಿಗೆ ಹದಿನೈದು ಕೊಟ್ಟರೂ 45 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ 4,600ರ ಮೇಲೆ. ಶಕ್ತಿ ಯೋಜನೆಯಲ್ಲಿ ತಂಗಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ಟೇ ಇಲ್ಲ ಅನ್ನೋದನ್ನೂ ನಾನು ಹೇಳಿದೆ. ಕಾಮರ್ಸ್ ಓದಿದೋನ ಧರ್ಮ ಅದು. ಚಿಕ್ಕಮ್ಮ ಫೋನ್ ಕಿತ್ಕೊಂಡು, “ಲ್ಯಾಬ್ ಮುಗಿಯೋದು ಆರಕ್ಕೆ, ನಮ್ಮೂರ ಕಡೆ ಬಸ್ ಹೊರಡೋದು ಐದೂವರೆಗೆ. ಬಂದು ನೀನೇ ಕರ್ಕೊಂಡು ಬರ್ತೀಯೇನಪ್ಪಾ?” ಅಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಕಾರ್ ನೋಡೋಕೆ ಹೋದಾಗ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ. ಅವರು ಇಂಜಿನ್ ನೋಡ್ತಾರೆ. ನೀವು ಮೂರು ವಿಷಯ ನೋಡಿ. ಕೀ ಆನ್ ಮಾಡಿದ ತಕ್ಷಣ ಮೀಟರ್‌ನಲ್ಲಿ ಎಬಿಎಸ್ ದೀಪ, ಏರ್‌ಬ್ಯಾಗ್ ದೀಪ ಎರಡೂ ಹತ್ತಿ ಆರಬೇಕು. ಆರದಿದ್ದರೆ ದೋಷ ಇದೆ. ಹತ್ತದೇ ಇದ್ದರೆ ಇನ್ನೂ ಕೆಟ್ಟದ್ದು, ದೋಷ ಮುಚ್ಚೋಕೆ ದೀಪವನ್ನೇ ಕಿತ್ತಿರಬಹುದು. ಎರಡನೇದು, ಸೀಟ್ ಬೆಲ್ಟನ್ನ ಕೊನೆವರೆಗೂ ಎಳೆದು ನೋಡಿ. ಒಳಗಿನ ಭಾಗದಲ್ಲಿ ಮಣ್ಣಿನ ಕಲೆ, ಮುಗ್ಗಲು ವಾಸನೆ ಇದ್ದರೆ ಅದು ನೀರಲ್ಲಿ ಮುಳುಗಿದ ಕಾರ್ ಇರಬಹುದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದನ್ನ ನಾವೆಲ್ಲ ಟಿವಿಯಲ್ಲಿ ನೋಡಿದ್ದೀವಿ. ಸೀಟು ಕವರ್ ಬದಲಾಯಿಸೋದು ಸುಲಭ, ಬೆಲ್ಟಿನ ತುದಿ ತೊಳೆಯೋದು ಯಾರಿಗೂ ನೆನಪಾಗಲ್ಲ. ಮೂರನೇದು ಟೈರು. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಗೀರು ಎಷ್ಟೇ ಆಳ ಇರಲಿ, ಆರೇಳು ವರ್ಷದ ರಬ್ಬರ್ ಗಟ್ಟಿಯಾಗಿರುತ್ತೆ, ಮಳೆಯಲ್ಲಿ ಹಿಡಿತ ಇರಲ್ಲ.

ಇನ್ನು ಇನ್ಶೂರೆನ್ಸ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಕೇಳಿ, ಯಾಕಂದ್ರೆ ಇದನ್ನ ಏಜೆಂಟ್‌ಗಳೂ ಸರಿಯಾಗಿ ಹೇಳಲ್ಲ.

ಕಾರು ಯಾರ ಹೆಸರಲ್ಲಿರಬೇಕು? ನಮ್ಮ ಮನೆಗಳಲ್ಲಿ ಯೋಚನೆಯೇ ಇಲ್ಲ, ಅಪ್ಪನ ಹೆಸರು. ಅದರಲ್ಲಿ ಒಂದು ಲಾಭವೂ ಇದೆ. ಚಿಕ್ಕಪ್ಪ ಹಳೇ ಓಮ್ನಿ ಮಾರಿದ್ದರು, ಅದರ ಮೇಲೆ 50% ನೋ ಕ್ಲೇಮ್ ಬೋನಸ್ ಇತ್ತು. ಆ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಹೊಸ ಆರ್‌ಸಿ ಅವರ ಹೆಸರಲ್ಲಿದ್ದರೆ ಪ್ರೀಮಿಯಂನಲ್ಲಿ ನಾಲ್ಕು ಸಾವಿರದಷ್ಟು ಉಳೀತಿತ್ತು.

ಆದ್ರೆ ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅಂತ ಒಂದು ಸಾಲು ಇರುತ್ತೆ. ಅದು “ಓನರ್-ಡ್ರೈವರ್”ಗೆ ಮಾತ್ರ. ಮಾಲೀಕರೇ ಡಿಎಲ್ ಇಟ್ಕೊಂಡು ಓಡಿಸ್ತಿದ್ದಾಗ ಮಾತ್ರ. ಕಾರು ಅಪ್ಪನ ಹೆಸರಲ್ಲಿದ್ದು ಮಗಳು ಓಡಿಸ್ತಿದ್ದರೆ, ಕಾರಿನ ರಿಪೇರಿಗೆ ಕ್ಲೇಮ್ ಬರುತ್ತೆ, ಎದುರಿನವರಿಗೆ ಪರಿಹಾರ ಹೋಗುತ್ತೆ, ಮಗಳಿಗೆ ಮಾತ್ರ ಆ 15 ಲಕ್ಷ ಇಲ್ಲ. ಹಾಗಿದ್ರೆ ಥರ್ಡ್ ಪಾರ್ಟಿಯಲ್ಲಿ ಸಿಗುತ್ತಾ? ಅದೂ ಕಷ್ಟ. 2009ರಲ್ಲಿ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಬೇರೆಯವರ ಬೈಕ್ ಕೇಳಿ ಪಡೆದು ಓಡಿಸುವಾಗ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಸತ್ತವರ ಕುಟುಂಬ ಪರಿಹಾರ ಕೇಳಿತ್ತು. ಗಾಡಿ ಎರವಲು ಪಡೆದವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ, ಹಾಗಾಗಿ 163-ಎ ಅಡಿ ಪರಿಹಾರ ಕೇಳೋಕೆ ಬರಲ್ಲ ಅಂತ ಕೋರ್ಟ್ ಹೇಳಿತು.

ಹಾಗಾಗಿ ಎರಡೇ ದಾರಿ. ಒಂದೋ ಆರ್‌ಸಿ ಮಗಳ ಹೆಸರಿಗೆ ಮಾಡಿಸಿ, ಅಥವಾ ಅಪ್ಪನ ಹೆಸರಲ್ಲೇ ಇಟ್ಟು ಮಗಳ ಹೆಸರಲ್ಲಿ ಪ್ರತ್ಯೇಕ ಅಪಘಾತ ವಿಮೆ ತಗೊಳ್ಳಿ. ನಾಲ್ಕು ಸಾವಿರ ಉಳಿಸೋಕೆ ಹೋಗಿ 15 ಲಕ್ಷ ಬಿಡಬೇಡಿ ಅಂದೆ. ಈ ಮಾತಿಗೆ ಚಿಕ್ಕಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಮಗಳಿಗೆ ಏನಾದ್ರೂ ಆದ್ರೆ ಅನ್ನೋ ಮಾತನ್ನ ಲೆಕ್ಕದ ಥರ ಹೇಳಿಬಿಟ್ಟಿದ್ದೆ, ನನಗೂ ಮುಜುಗರ ಆಯ್ತು.

ಇನ್ನೂ ಹದಿನೆಂಟು ಆಗದ ಮಕ್ಕಳಿರೋ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಪಿಯುಸಿ ಹುಡುಗನಿಗೆ ಮನೆ ಹತ್ರ ಒಂದ್ ರೌಂಡ್ ಅಂತ ಕೀ ಕೊಡ್ತೀರಲ್ಲ, 2019ರ ತಿದ್ದುಪಡಿಯ 199ಎ ಪ್ರಕಾರ ಅವನು ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿ ಮಾಲೀಕರು. ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ತುಂಬೋವರೆಗೂ ಡಿಎಲ್ ಸಿಗಲ್ಲ.

ಕೊನೆಗೆ ನಾವು ತಗೊಂಡಿದ್ದು 2020ರ ಮಾರ್ಚ್‌ನಲ್ಲಿ ತಯಾರಾದ ಬೂದು ಬಣ್ಣದ ಹ್ಯಾಚ್‌ಬ್ಯಾಕ್. ಎರಡು ಏರ್‌ಬ್ಯಾಗ್, ಎಬಿಎಸ್, ಒಬ್ಬರೇ ಓಡಿಸಿದ್ದು. “ಅಣ್ಣಾ, ಇದು ರಿಟೈರ್ಡ್ ಮೇಷ್ಟ್ರ ಕಾರ್ ಥರ ಇದೆ” ಅಂದಳು ತಂಗಿ. ನಿಜ ಹೇಳಬೇಕೂಂದ್ರೆ ಅದು ರಿಟೈರ್ಡ್ ಮೇಷ್ಟ್ರದ್ದೇ.

ಹೋದ ಭಾನುವಾರ ಊರಾಚೆ ಖಾಲಿ ಮೈದಾನದಲ್ಲಿ ಅವಳ ಕೈಲಿ ನಲವತ್ತರ ವೇಗದಲ್ಲಿ ಬ್ರೇಕ್ ಪೂರ್ತಿ ತುಳಿಸಿದೆ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಡಿ ಗಡಗಡ ನಡುಗುತ್ತೆ. ಗೊತ್ತಿಲ್ಲದವರು ಹೆದರಿ ಕಾಲು ತೆಗೆದುಬಿಡ್ತಾರೆ, ತೆಗೆದರೆ ಬ್ರೇಕೇ ಇಲ್ಲ. ಮೊದಲ ಸಲ ಅವಳೂ ತೆಗೆದಳು. ನಾಲ್ಕನೇ ಸಲ ಒತ್ತಿ ಹಿಡಿದು, ಸ್ಟೇರಿಂಗ್ ಎಡಕ್ಕೆ ತಿರುಗಿಸಿದಳು. ಕಾರ್ ಎಡಕ್ಕೆ ಹೋಯಿತು. ನಾನು ಇನ್ನೊಂದ್ಸಲ ಮಾಡು ಅಂದೆ.

ಹೆಸರು ಬದಲಾವಣೆಯ 29, 30ನೇ ನಮೂನೆ ಆರ್‌ಟಿಒಗೆ ಹೋಗಿದೆ. ಇನ್ಶೂರೆನ್ಸ್ ಅವಳ ಹೆಸರಿಗೆ ಮಾಡಿಸೋಕೆ ಕಂಪನಿಗೆ 14 ದಿನದೊಳಗೆ ತಿಳಿಸಬೇಕು, ಇವತ್ತಿಗೆ ಒಂಬತ್ತಾಯ್ತು. ರೆಕಾರ್ಡಿಂಗ್ ಮುಗಿಸಿ ಚಿಕ್ಕಪ್ಪನಿಗೆ ಅದನ್ನೇ ನೆನಪು ಮಾಡ್ಬೇಕು.