ಕಬ್ಬು ಮಾರುವುದೋ, ಬೆಲ್ಲ ಮಾಡುವುದೋ?

೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯು ಆರಂಭವಾದ ಮೇಲೆ ಮದ್ದೂರು, ಮಳವಳ್ಳಿ ಸೀಮೆಗಳ ರೈತನಿಗೆ ಎರಡು ದಾರಿಗಳಾದುವು: ಕಬ್ಬನ್ನು ಕಾರ್ಖಾನೆಗೆ ಸಾಗಿಸುವುದು, ಇಲ್ಲವೆ ಆಲೆಮನೆಯಲ್ಲಿ ಬೆಲ್ಲ ಮಾಡಿಸುವುದು. ಅಧ್ಯಾಪಕವೃತ್ತಿಯಿಂದ ನಿವೃತ್ತರಾಗಿ ಬೇಸಾಯಕ್ಕಿಳಿದ ನಾವು ಇದರಲ್ಲಿ ಎಡವಿದೆವು. ಬಿತ್ತನೆ, ಗೊಬ್ಬರ, ಕಳೆಕೂಲಿಗಳನ್ನೆಲ್ಲ ಬೆಲ್ಲದ ಲೆಕ್ಕಕ್ಕೆ ಮಾತ್ರ ಹೊರಿಸಿ, ಅದು ನಷ್ಟವೆಂದು ಬಗೆದು ಕಬ್ಬನ್ನು ಮಾರಿಬಿಟ್ಟೆವು. (ವ್ಯಾಕರಣ ಬಲ್ಲವನಿಗೆ ಗಣಿತವೂ ಬರಬೇಕೆಂದೇನಿಲ್ಲ!) ನಮ್ಮ ಮನೆಯವರು ಕೇಳಿದರು:

“ಆ ಖರ್ಚು ಆಗಿಹೋದದ್ದು; ಎರಡು ದಾರಿಗೂ ಒಂದೇ ಅಲ್ಲವೇನ್ರೀ?”

ಮಾತು ಯಥಾರ್ಥವಾದುದು. ಒಂದು ಟನ್ನು ಕಬ್ಬಿಗೆ ಸುಮಾರು ೧೦೦ ಕಿಲೋ ಬೆಲ್ಲವಾಗುತ್ತದೆ. ಅದರ ಬೆಲೆಯಲ್ಲಿ ಆಲೆಮನೆಯ ಕೂಲಿ, ಸಾಗಣೆ, ಮಂಡಿಯ ದಲ್ಲಾಳಿತನಗಳನ್ನು ಕಳೆದು ಉಳಿದುದನ್ನೇ ಕಾರ್ಖಾನೆಯ ದರದೊಡನೆ ತೂಗತಕ್ಕದ್ದು. ಕಬ್ಬಿನ ಹಣವು ಕೈಸೇರುವವರೆಗೆ ನಮ್ಮ ಸಾಲಕ್ಕೆ ಬೆಳೆಯುವ ಬಡ್ಡಿಯನ್ನು ಮರೆತಿದ್ದೆವೆಂಬುದನ್ನೂ ಅವರೇ ತೋರಿಸಿದರು.