ಖಾಲಿ ಬೆಂಚು ಹುಡುಕಿದ ಹೆತ್ತವರು

ಶಾಲೆಯಲ್ಲಿ ಬೆಂಚು ಖಾಲಿ ಇದ್ದರೆ ಸಾಲದು, ಮಗು ಅಲ್ಲಿಗೆ ತಲುಪಬೇಕು. ಅಮೆರಿಕದ ಬೋಸ್ಟನ್‌ನ ಕಪ್ಪು ವರ್ಣೀಯ ಹೆತ್ತವರು ಇದನ್ನು ಚೆನ್ನಾಗಿ ಅರಿತಿದ್ದರು.

1960ರ ದಶಕದಲ್ಲಿ ಅವರ ರಾಕ್ಸ್‌ಬರಿ ಭಾಗದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಿಕ್ಕಿರಿದು ತುಂಬಿದ್ದರು. ಬಿಳಿಯರ ಬಡಾವಣೆಯ ಶಾಲೆಗಳಲ್ಲಿ ಜಾಗ ಖಾಲಿ. ಅಲ್ಲಿಗೆ ಯಾರೂ ಸೇರಬಹುದು ಎಂಬ ನಿಯಮವೇನೋ ಇತ್ತು. ಆದರೆ ಬಸ್ಸಿನ ಖರ್ಚು ಕೊಡಲು ಶಾಲಾ ಸಮಿತಿ ಒಪ್ಪಲಿಲ್ಲ. ಪುಟ್ಟ ಮಕ್ಕಳು ಅಷ್ಟು ದೂರ ನಡೆದು ಹೋಗಲಿಕ್ಕಾಗುತ್ತದಾ?

ಎಲ್ಲೆನ್ ಜಾಕ್ಸನ್ ಎಂಬ ತಾಯಿ ನೆರೆಹೊರೆಯವರನ್ನು ಒಟ್ಟು ಸೇರಿಸಿದರು. 1965ರ ಸೆಪ್ಟೆಂಬರಿನಲ್ಲಿ ಹೆತ್ತವರೇ ಹಣ ಒಟ್ಟು ಮಾಡಿ, ಬಸ್ಸು, ಕಾರು ಗೊತ್ತು ಮಾಡಿ ಮಕ್ಕಳನ್ನು ಕಳುಹಿಸಿದರು. ಅದಕ್ಕೆ ‘ಆಪರೇಷನ್ ಎಕ್ಸೋಡಸ್’ ಎಂದು ಹೆಸರು. ಮರುವರ್ಷ ‘ಮೆಟ್ಕೋ’ ಯೋಜನೆ ಶುರುವಾಗಿ, ನಗರದ ಮಕ್ಕಳಿಗೆ ಹೊರವಲಯದ ಊರುಗಳ ಶಾಲೆಗಳೂ ತೆರೆದವು.

1972ರಲ್ಲಿ ಹೆತ್ತವರು ಕೋರ್ಟಿಗೆ ಹೋದರು. ಸಮಿತಿ ಬೇಕಂತಲೇ ಮಕ್ಕಳನ್ನು ಬಣ್ಣ ನೋಡಿ ಬೇರೆ ಇಟ್ಟಿದೆ ಎಂದು 1974ರಲ್ಲಿ ತೀರ್ಪು ಬಂತು. ಆ ವರ್ಷ ಸೌತ್ ಬೋಸ್ಟನ್‌ನಲ್ಲಿ ಮಕ್ಕಳ ಬಸ್ಸಿಗೆ ಕಲ್ಲು ಬಿತ್ತು. ಆದರೂ ಬಸ್ಸು ನಿಲ್ಲಲಿಲ್ಲ.

ಹಕ್ಕು ಕಾಗದದಲ್ಲಿ ಬರೆದಿರುತ್ತದೆ. ಅದನ್ನು ಮಗುವಿನ ಕೈಗೆ ಕೊಡಿಸಲು ಹೆತ್ತವರು ಒಟ್ಟಾಗಿ ಮನೆಯಿಂದ ಹೊರಗೆ ಬರಲೇಬೇಕು.